ಬಾಡಿಗೆದಾರರು: ಸೊನ್ನೆ

ನಾನು ಮೂವತ್ತಾರು ಅಡಿ ಎತ್ತರದಲ್ಲಿದ್ದೆ. ಕೆಳಗೆ ಯಾರೋ ತಂತಿ ಕತ್ತರಿಸುತ್ತಿದ್ದರು.

ಕಣ್ಣಿಗೆ ಕಾಣಲಿಲ್ಲ, ಕಿವಿಗೆ ಕೇಳಿತು. ಬೆಳಗಿನ ಮಂಜು ಬೆಟ್ಟದ ನೆತ್ತಿ ದಾಟಿ ಬಂದು ಕಂಬದ ಸೊಂಟದವರೆಗೆ ತುಂಬಿಕೊಂಡಿತ್ತು. ಮಂಜಿನ ಮೇಲೆ ನಾನು, ಕಬ್ಬಿಣದ ಒಂದು ಕಂಬ, ಇನ್ನೂ ತನ್ನ ಬಣ್ಣ ನಿರ್ಧರಿಸದ ಆಕಾಶ. ಮಂಜಿನ ಕೆಳಗೆ... ಟಕ್.

ಮತ್ತೆ, ಟಕ್.

ಆಸರೆಯ ತಂತಿಯ ಎಳೆಗಳು ಒಂದೊಂದಾಗಿ ಹರಿಯುವಾಗ ಕಂಬ ಒಡನೆ ನಡುಗುವುದಿಲ್ಲ. ಮೊದಲು ಯೋಚಿಸುತ್ತದೆ. ಆ ಯೋಚನೆ ನನ್ನ ಅಂಗಾಲಿಗೆ ತಿಳಿಯಿತು.

"ಸ್ಟಾಪ್," ಎಂದು ಕೂಗಿದೆ. "ದೇರ್ ಈಸ್ ಎ ಮ್ಯಾನ್ ಅಪ್ ಹಿಯರ್."

ಕತ್ತರಿ ನಿಂತಿತು. ಆಮೇಲೆ ಮಂಜಿನೊಳಗಿಂದ ಒಂದು ಗಂಡು ದನಿ, ಅಚ್ಚ ಕನ್ನಡದಲ್ಲಿ:

"ಅಯ್ಯ ಶಿವನ... ಮ್ಯಾಲೆ ಮಂದಿ ಅದಾರ."

ತಡವಾಗಿತ್ತು. ಉಳಿದ ಎಳೆಗಳು ತಾವಾಗಿಯೇ ಹರಿದವು. ಕಂಬ ನಿಧಾನವಾಗಿ, ವಯಸ್ಸಾದವರು ಕುರ್ಚಿಗೆ ಒರಗುವಂತೆ ಒರಗಿತು. ಕಂಬದಿಂದ ಕಂಬಕ್ಕೆ ಕಟ್ಟಿದ್ದ ಕಿತ್ತಳೆ ಬಣ್ಣದ ಬಲೆ ಒಂದು ಕ್ಷಣ ನನ್ನನ್ನು ಹಿಡಿಯಿತು, ಹರಿಯಿತು, ಒಂದು ಏಪ್ರಿಕಾಟ್ ಮರದ ಕೈಗೆ ಒಪ್ಪಿಸಿತು. ಮರ ನನ್ನನ್ನು ಉಳಿಸಿಕೊಂಡು ಎರಡು ಪಕ್ಕೆಲುಬುಗಳನ್ನು ತೆಗೆದುಕೊಂಡಿತು.

ಓಡುವ ಹೆಜ್ಜೆಗಳು. ದೂರದಲ್ಲಿ ಒಂದು ವ್ಯಾನಿನ ಬಾಗಿಲು. ಆಮೇಲೆ ಏನೂ ಇಲ್ಲ.

ತಂತಿಯ ತುದಿಯಲ್ಲಿ ಒಂದು ಕೈಗವಸು ಸಿಕ್ಕಿಕೊಂಡಿತ್ತು. ಮಲಗಿದಲ್ಲಿಂದಲೇ ಎಳೆದುಕೊಂಡು ಮೂಸಿದೆ. ಗ್ರೀಸಿನ ವಾಸನೆ ಇರಬೇಕಾದ ಜಾಗದಲ್ಲಿ ಬೆಳ್ಳುಳ್ಳಿ, ಹುರಿದ ಶೇಂಗಾ, ಒಣಮೆಣಸಿನಕಾಯಿ ಇತ್ತು.

ಶೇಂಗಾ ಹಿಂಡಿ. ಉತ್ತರ ಕರ್ನಾಟಕದವರ ಚಟ್ನಿಪುಡಿ.

ಮಂಗಳೂರಿನವನಾದರೂ ನನ್ನ ಮೂಗು ಪಕ್ಷಪಾತಿಯಲ್ಲ.

*

ನಾನು ಯಾರು, ಆ ಕಂಬದ ಮೇಲೆ ಏನು ಮಾಡುತ್ತಿದ್ದೆ ಎಂದು ಮೊದಲು ಹೇಳಿಬಿಡುತ್ತೇನೆ. ನೀವು ಕೇಳಿದ ಪ್ರಶ್ನೆಗೆ ಉತ್ತರ ಕೊನೆಯಲ್ಲಿ ಬರುತ್ತದೆ. ತಾಳ್ಮೆ ಇರಲಿ.

ಹೆಸರು ಲೀಲಾಧರ. ಕೆಲಸ ಖಾಸಗಿ ತನಿಖೆ. ಲೈಸೆನ್ಸು ಉಂಟು, ಪಿಸ್ತೂಲು ಇಲ್ಲ. ಈ ಬೇ ಏರಿಯಾದಲ್ಲಿ ಗಂಡಹೆಂಡಿರು ಒಬ್ಬರನ್ನೊಬ್ಬರು ಹಿಂಬಾಲಿಸುವುದನ್ನು ಬಿಟ್ಟು ಬಹಳ ಕಾಲವಾಯಿತು, ಫೋನೇ ಹೇಳಿಬಿಡುತ್ತದೆ. ಈಗ ಜನ ನನ್ನನ್ನು ಕರೆಯುವುದು ಜಾಗದ ಜಗಳಕ್ಕೆ. ಇಲ್ಲಿ ರಕ್ತ ಹರಿಯುವುದಾದರೆ ಅದು ಬೇಲಿಯಿಂದ ಬಿಡಬೇಕಾದ ಸೆಟ್‌ಬ್ಯಾಕಿಗೆ, ಎತ್ತರಕ್ಕೆ, ಪಾರ್ಕಿಂಗಿಗೆ.

ಸರಟೋಗಾದ ಆಚೆ ಬೆಟ್ಟದ ತೊಡೆಯ ಮೇಲೆ ಲಾಸ್ ಪೆರಾಲೆಸ್ ಎಂಬ ಊರು ಕುಳಿತಿದೆ. ಅಲ್ಲಿ ಏನಾದರೂ ಕಟ್ಟಬೇಕಾದರೆ ಮೊದಲು ಸ್ಟೋರಿ ಪೋಲ್ ನೆಡಬೇಕು. ಕಟ್ಟಡದ ಪ್ರತಿ ಮೂಲೆಗೂ ಅದರದೇ ಎತ್ತರದ ಕಂಬ, ಕಂಬಗಳ ತಲೆಗೆ ಕಿತ್ತಳೆ ಬಲೆ. ಇನ್ನೂ ಹುಟ್ಟದ ಮನೆಯ ಎಲುಬುಗೂಡು. ನೆರೆಯವರು ಅದನ್ನು ದಿನವೂ ನೋಡಿ, ಬರಲಿರುವ ನೆರಳನ್ನು ಈಗಲೇ ದ್ವೇಷಿಸಲು ಕಲಿಯುತ್ತಾರೆ.

ಆ ಎಲುಬುಗೂಡು ಡಾಕ್ಟರ್ ವೇದವತಿಯವರದು. ಮೈಸೂರಿನವರು, ಎಪ್ಪತ್ತನಾಲ್ಕು ವರ್ಷ, ನಿವೃತ್ತ ಮಕ್ಕಳ ವೈದ್ಯೆ. ಗಂಡ ಶ್ರೀಕಂಠ ಬಿಟ್ಟುಹೋದ ಹಳೆಯ ಹಣ್ಣಿನ ತೋಟದಲ್ಲಿ ಮೂವತ್ತೆರಡು ಅಪಾರ್ಟ್‌ಮೆಂಟುಗಳನ್ನು ಕಟ್ಟಬೇಕು ಎಂದು ಅವರ ಆಸೆ. ಊರಿನವರು ತಮ್ಮ ವಸತಿ ಯೋಜನೆಯನ್ನು ಗಡುವಿನೊಳಗೆ ರಾಜ್ಯಕ್ಕೆ ಒಪ್ಪಿಸದೆ ತೂಕಡಿಸಿದ್ದರು. ಆ ಸಂದಿನಲ್ಲಿ ಅರ್ಜಿ ತೂರಿಸಿದವರನ್ನು ತಡೆಯುವ ಅಧಿಕಾರ ಊರಿಗಿಲ್ಲ. ವೇದವತಿಯವರು ತೂರಿಸಿದ್ದರು. ಆದರೆ ತಿದ್ದುಪಡಿ ಏನಿದ್ದರೂ ಶುಕ್ರವಾರ ಮಧ್ಯಾಹ್ನ ಹನ್ನೆರಡಕ್ಕೆ ಕೌಂಟರ್ ಮುಚ್ಚುವುದರೊಳಗೆ ಮುಟ್ಟಬೇಕು. ಅದಕ್ಕೂ ಮೊದಲು, ಹನ್ನೊಂದಕ್ಕೆ ಪ್ಲ್ಯಾನರ್ ಬಂದು ನೋಡುವಾಗ ಹನ್ನೆರಡು ಕಂಬಗಳೂ ನಿಂತಿರಬೇಕು. ಒಂದು ಬಿದ್ದರೂ ಸಂದು ಮುಚ್ಚುತ್ತದೆ. ಮೂವತ್ತೆರಡು ಮನೆಗಳೂ ಅದರೊಳಗೇ.

ವಾರದಲ್ಲಿ ಎರಡು ಕಂಬ ಬಿದ್ದಿದ್ದವು, ಮತ್ತೆ ನೆಡಿಸಿದ್ದರು. ಕತ್ತರಿಸಿದ ಗುರುತು. ಸೋಮವಾರ ನನ್ನನ್ನು ಕರೆಸಿದರು.

"ಯಾರು ಮಾಡ್ತಿದಾರೆ ಅಂತ ನಂಗೆ ಗೊತ್ತು," ಎಂದರು ವೇದವತಿ. "ಎದುರು ಮನೆಯವರು. ಟವರ್ ಬೇಡ ಅಂತ ಬೋರ್ಡು ಹಾಕ್ಕೊಂಡಿದಾರಲ್ಲ. ನಂಗೆ ಸಾಕ್ಷಿ ಬೇಕು ಅಷ್ಟೇ."

ಅವರ ಪಕ್ಕದಲ್ಲಿ ಅಕ್ಕನ ಮಗ ಸುಧನ್ವ ಕುಳಿತಿದ್ದ. ಈ ಕಟ್ಟಡದ ಓಡಾಟವೆಲ್ಲ ಅವನದೇ. ಇಸ್ತ್ರಿ ಮಾಡಿದ ಲಿನನ್ ಅಂಗಿ, ಇಸ್ತ್ರಿ ಮಾಡಿದ ದನಿ. ಒಂದು ಕಿತ್ತಳೆಯ ಸಿಪ್ಪೆಯನ್ನು ಎಲ್ಲಿಯೂ ಹರಿಯದಂತೆ ಸುಲಿಯುತ್ತಿದ್ದ.

"ತೋಟದಲ್ಲಿ ಯಾರಾದ್ರೂ ವಾಸ ಇದ್ದಾರಾ? ನೋಡಿದವರು ಇರ್ಬಹುದಲ್ಲ," ಎಂದೆ.

"ಬಾಡಿಗೆದಾರರು ಯಾರೂ ಇಲ್ಲ," ಎಂದರು ವೇದವತಿ.

ಸುಧನ್ವ ಸಿಪ್ಪೆಯಿಂದ ಕಣ್ಣೆತ್ತಲಿಲ್ಲ.

ಹಾಗಾಗಿ ಬುಧವಾರ ಬೆಳಗಿನ ಜಾವ ಏಳನೆಯ ಕಂಬದ ತುದಿಗೆ ಒಂದು ಕ್ಯಾಮೆರಾ ಕಟ್ಟಲು ಹತ್ತಿದ್ದೆ. ಇಳಿದ ಬಗೆ ನಿಮಗೆ ಗೊತ್ತು.

*

ಡಾಕ್ಟರು ಎದೆಗೆ ಪಟ್ಟಿ ಸುತ್ತಿ ಎರಡು ವಾರ ಮಲಗಿರಿ ಎಂದರು. ಎರಡು ಗಂಟೆ ಮಲಗಿದೆ.

ಶೇಂಗಾ ಹಿಂಡಿ ಈ ನಾಡಿನಲ್ಲಿ ಮರದಲ್ಲಿ ಬಿಡುವುದಿಲ್ಲ. ಯಾರೋ ಕುಟ್ಟಬೇಕು, ಯಾರೋ ಸಾಗಿಸಬೇಕು, ಯಾರೋ ತಿನ್ನಬೇಕು. ತಿನ್ನುವವರು ಆಫೀಸುಗಳಲ್ಲಿ ಇರುತ್ತಾರೆ. ಮೆನ್ಲೋ ಪಾರ್ಕಿನ ಕೊಲ್ಲಿಯ ಅಂಚಿನ ಕ್ಯಾಂಪಸ್ಸಿನಲ್ಲಿ ನನಗೆ ಒಬ್ಬ ಧಾರವಾಡದ ಎಂಜಿನಿಯರು ಪರಿಚಯ. ಫೋನು ಮಾಡಿದೆ.

"ಹಿಂಡಿನಾ? ಶಿವರಾಜಣ್ಣನ ವ್ಯಾನ್ ಬರ್ತದಲ್ರೀ. ಬಿಳೀದು. ಸರಿಯಾಗಿ ಹನ್ನೆರಡಕ್ಕ."

ಹನ್ನೆರಡಕ್ಕೆ ಬಿಳಿ ವ್ಯಾನು ಬಂತು. ನನ್ನ ಎದೆಯ ಪಟ್ಟಿ ನೋಡಿದ ಕೂಡಲೇ ಹೋಯಿತು.

ಬೆನ್ನು ಹತ್ತಿದೆ. ಕೊಲ್ಲಿಯ ಬದಿಯ ರಸ್ತೆ, ಸೇತುವೆಯ ತಿರುವು, ಕೆಂಪು ದೀಪ, ಅದರ ಮುಂದಿನ ಕೆಂಪು ದೀಪ. ಪ್ರತಿ ತಿರುವಿನಲ್ಲೂ ನನ್ನ ಪಕ್ಕೆಲುಬು ಒಂದೊಂದು ಹೆಸರು ಹಿಡಿದು ಕರೆಯಿತು. ವ್ಯಾನು ಫ್ರೀವೇ ಕಡೆಗೆ ಹೊರಳುವಂತೆ ತೋರಿಸಿ ಜೌಗಿನ ಕಡೆಗೆ ಹೊರಳಿತು. ತಪ್ಪು ಲೆಕ್ಕ. ಉಪ್ಪುನೀರಿನ ಒಡ್ಡಿನ ಮೇಲೆ ರಸ್ತೆ ಮುಗಿಯಿತು. ಮುಂದೆ ಬೂದು ನೀರು, ಎರಡು ಬೆಳ್ಳಕ್ಕಿ, ಅಷ್ಟೇ.

ನಲವತ್ತರ ಆಸುಪಾಸಿನ ದೃಢವಾದ ಆಳು ಇಳಿದ. ಬಲಗೈ ಬರಿದಾಗಿತ್ತು. ಎಡಗೈಯಲ್ಲಿ, ನನಗೆ ಸಿಕ್ಕಿದ ಗವಸಿನ ಜೊತೆಯದು.

"ಸತ್ತಿಲ್ಲಲ್ರೀ ನೀವು," ಎಂದ. ಅವನ ದನಿಯಲ್ಲಿ ಇದ್ದದ್ದು ಭಯವಲ್ಲ, ಕೃತಜ್ಞತೆ.

"ಸಾಯುದಕ್ಕೆ ಟೈಮ್ ಇರ್ಲಿಲ್ಲ ಮಾರಾಯ. ಕತ್ತರಿಸಿದ್ದು ನೀನೇ ಅಲ್ವ?"

"ಮ್ಯಾಲೆ ನೀವು ಇದ್ದದ್ದು ಕಾಣಲಿಲ್ಲ. ದೇವರಾಣಿ." ತಲೆ ತಗ್ಗಿಸಿದ. "ಹೊಡೀರಿ ಸರ. ಆದ್ರ ನಲವತ್ತು ಡಬ್ಬಿ ಅದಾವು. ಆರೂದ್ರೊಳಗ ಮುಟ್ಟಿಸಿ ಬರ್ತೀನಿ, ಆಮ್ಯಾಲೆ ಹೊಡೀರಿ."

ಮೂವತ್ತು ವರ್ಷದ ಕಸುಬಿನಲ್ಲಿ ಇಂಥ ಅರ್ಜಿ ನನಗೆ ಬಂದಿರಲಿಲ್ಲ. ನಾನೂ ವ್ಯಾನು ಹತ್ತಿದೆ. ಡಬ್ಬಿಗಳನ್ನು ಹಂಚಿದೆವು.

"ಯಾರು ಕಳಿಸಿದ್ದು ನಿನ್ನನ್ನು? ಎದುರು ಮನೆಯವರಾ?"

"ಯಾರೂ ಇಲ್ಲ. ನಮ್ಮ ಮನಿ ಉಳೀಬೇಕ್ರಿ. ಕಂಬ ಬಿದ್ರ ಬಿಲ್ಡಿಂಗ್ ಇಲ್ಲ. ಬಿಲ್ಡಿಂಗ್ ಇಲ್ಲಂದ್ರ ನಮ್ಮ ಮನಿ ಅಲ್ಲೇ ಇರ್ತೈತಿ."

"ಯಾವ ಮನೆ?"

ಕರೆದುಕೊಂಡು ಹೋಗಿ ತೋರಿಸಿದ.

*

ತೋಟದ ತಳದಲ್ಲಿ, ಇಳಿಜಾರಿನ ಮರೆಯಲ್ಲಿ, ಹಿಂದೆ ಹಣ್ಣು ಒಣಗಿಸುತ್ತಿದ್ದ ಒಂದು ಮರದ ಶೆಡ್ಡು. ಮೇಲಿನ ರಸ್ತೆಗೆ ಅದು ಕಾಣುವುದಿಲ್ಲ. ಒಳಗೆ ಹಲಗೆ ಹೊಡೆದು ಮಾಡಿದ ನಾಲ್ಕು ಕೋಣೆ, ಒಂದು ಒಲೆ, ಏಳು ಹಾಸಿಗೆ.

ಏಳು ಜನ. ಡೇಕೇರಿನಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಇಬ್ಬರು ಹೆಂಗಸರು. ಗ್ರೋಸರಿ ಅಂಗಡಿಯ ಒಬ್ಬ. ಆಸ್ಪತ್ರೆಯ ನೆಲ ಒರೆಸುವ ಗಂಡಹೆಂಡತಿ. ಶಿವರಾಜ. ಮತ್ತು ಒಲೆಯ ಮುಂದೆ ಈರವ್ವ. ಬಾಗಲಕೋಟೆಯ ಕಡೆಯವಳು, ಅರವತ್ತೈದು ದಾಟಿದವಳು. ತಂಗಿಯ ಮಗಳ ಬಾಣಂತನಕ್ಕೆಂದು ಬಂದವಳು. ತಂಗಿಯ ಮಗಳ ಸಂಸಾರ ಟೆಕ್ಸಾಸಿಗೆ ಹೋಯಿತು, ಅಲ್ಲಿಯ ಮನೆಯಲ್ಲಿ ಇವಳಿಗೆ ಕೋಣೆ ಇರಲಿಲ್ಲ.

ಈ ಬೆಟ್ಟದ ಊರುಗಳು ಇಂಥವರಿಲ್ಲದೆ ಒಂದು ದಿನವೂ ನಡೆಯಲಾರವು. ಹಗಲು ಇವರ ಕೈ ಬೇಕು. ಸಂಜೆಯಾದ ಮೇಲೆ ಆ ಕೈ ಎಲ್ಲಿ ಮಲಗುತ್ತದೆ ಎಂದು ಯಾವ ನಕ್ಷೆಯೂ ಕೇಳುವುದಿಲ್ಲ.

"ಕೂಡ್ರಿ," ಎಂದಳು ಈರವ್ವ. "ಎಲುಬು ಮುರದವರು ನೀವೇನು? ಈ ಕತ್ತೀ ಮಗಗ ಬುದ್ಧಿ ಇಲ್ಲ. ಉಣ್ರಿ."

ಬಿಸಿ ರೊಟ್ಟಿ, ಬದನೆಕಾಯಿ, ಹಿಂಡಿ. ನನ್ನ ಸಾಕ್ಷ್ಯವನ್ನು ನಾನೇ ತಿಂದೆ.

"ಡಾಕ್ಟರಮ್ಮ ಇಲ್ಲಿ ಯಾರೂ ಇಲ್ಲ ಅಂದ್ರು," ಎಂದೆ.

"ಅಮ್ಮಾರು ಹಂಗ ಅನ್ನಂಗಿಲ್ಲ. ಎಂಟು ವರ್ಷ ಆತು, ಒಂದು ಡಾಲರ್ ಬಾಡಗಿ ತೊಗೊಂಡಿಲ್ಲ ಪುಣ್ಯಾತಗಿತ್ತಿ. ಅವರ ಅಜ್ಜನ ಮನ್ಯಾಗ ವಾರದ ಹುಡುಗರಿಗೆ ಅನ್ನ ಹಾಕತಿದ್ರಂತ. ಹಂಗ ನಾವೂ ಮನೀ ಮಂದಿ ಅಂತಾರ. ನಾ ಏನು, ದಿನಾ ಮುಂಜಾನೆ ಏಳಕ್ಕ ಒಂದು ಡಬ್ಬಿ ಕಳಸ್ತೀನಿ. ಅವರಿಗೆ ನನ್ನ ರೊಟ್ಟಿ ಅಂದ್ರ ಜೀವ."

"ಮತ್ತೆ ಯಾರು ಹೋಗಿ ಅಂದದ್ದು?"

ಒಲೆಯ ಮೇಲಿನ ಕೈ ನಿಂತಿತು. "ಸುಧನ್ವ ಸಾಹೇಬ್ರು. ಹೋದ ವಾರ ನೀರು ಬಂದ್ ಮಾಡಿಸಿದ್ರು. ಶುಕ್ರವಾರದೊಳಗ ಖಾಲಿ ಮಾಡ್ರಿ ಅಂದ್ರು. ಕಾಗದದ ಮ್ಯಾಲೆ ನೀವು ಇಲ್ಲೇ ಇಲ್ಲ ಅಂದ್ರು. ಇಲ್ಲದವರಿಗೆ ಏನಾದ್ರೂ ಆದ್ರ ಯಾರು ಕೇಳ್ತಾರವ್ವ ಅಂತ ನಕ್ರು."

ಶಿವರಾಜ ಎದ್ದ. "ಅದಕ್ಕ ಕಂಬ ಕಡದ್ನಿ."

"ಕಂಬ ಬಿದ್ರೆ ನಿಮ್ಮ ಮನೆ ಉಳಿಯುದಿಲ್ಲ ಮಾರಾಯ," ಎಂದೆ. "ಅಪಾರ್ಟ್‌ಮೆಂಟು ಆಗದಿದ್ರೆ ಆ ಸುಧನ್ವ ಜಾಗ ಮಾರಿಸ್ತಾನೆ. ಕೊಂಡವನು ಒಂದು ದೊಡ್ಡ ಮನೆ ಕಟ್ತಾನೆ, ಇಬ್ಬರಿಗೆ. ಮೊದಲು ಕೀಳುದು ಇದನ್ನೇ. ಎರಡರಲ್ಲಿ ಹೇಗೆ ಹೋದ್ರೂ ನೀವು ಹೊರಗೆ."

ಹಲಗೆಯ ಸಂದಿನಿಂದ ಅಕ್ಟೋಬರಿನ ಗಾಳಿ ಬಂದು ನಮ್ಮನ್ನು ಎಣಿಸಿಕೊಂಡು ಹೋಯಿತು.

*

ಗುರುವಾರ ಬೆಳಿಗ್ಗೆ ಲಾಸ್ ಪೆರಾಲೆಸ್ ಊರಿನ ಪ್ಲ್ಯಾನಿಂಗ್ ಕೌಂಟರಿಗೆ ಹೋದೆ. ಅರ್ಜಿಗಳು ಸಾರ್ವಜನಿಕ ದಾಖಲೆ, ಯಾರು ಬೇಕಾದರೂ ನೋಡಬಹುದು. ಕೌಂಟರಿನ ಹಿಂದಿದ್ದ ಪ್ಲ್ಯಾನರ್ ಹೆಸರು ನೀತಾ. ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಇಂಗ್ಲಿಷು, ನಮ್ಮಂಥವರಿಗಾಗಿ ಸ್ವಲ್ಪ ಕನ್ನಡ.

ಫೈಲು ತೆರೆದಳು. ಮೂರನೆಯ ಪುಟ. ಜಾಗದಲ್ಲಿ ಈಗ ವಾಸವಿರುವ ಬಾಡಿಗೆದಾರರು: ಸೊನ್ನೆ. ಕೆಳಗೆ ವೇದವತಿಯವರ ಸಹಿ. ಮಕ್ಕಳ ಡಾಕ್ಟರರ ದುಂಡನೆಯ, ನಂಬಿಕೆ ಹುಟ್ಟಿಸುವ ಸಹಿ.

"ಈ ಸೊನ್ನೆ ತಪ್ಪಾದ್ರೆ?" ಎಂದೆ.

"ಓ. ದಟ್ಸ್ ಬಿಗ್, ಅಂಕಲ್. ಟೆನೆಂಟ್ಸ್ ಇದ್ರೆ ಅವ್ರಿಗೆ ನ್ಯೂ ಬಿಲ್ಡಿಂಗಲ್ಲಿ ವಾಪಸ್ ಬರೋ ರೈಟ್ ಇದೆ. ಅವ್ರು ಕೊಡೋಕಾಗೋ ರೆಂಟಿಗೆ. ನಾಲ್ಕು ರೂಮಿದ್ರೆ ನಾಲ್ಕು ಅಪಾರ್ಟ್‌ಮೆಂಟ್."

"ಬಾಡಿಗೆ ಕೊಡದೆ ಇದ್ರೆ? ಅಡುಗೆ ಮಾಡಿ ಕೊಡ್ತಾ ಇದ್ರೆ? ದಿನಾ?"

ಯೋಚಿಸಿದಳು. "ರೆಂಟ್ ಅಂದ್ರೆ ಕ್ಯಾಶೇ ಆಗ್ಬೇಕಿಲ್ಲ. ವರ್ಕ್ ಕೌಂಟ್ಸ್. ಬಟ್ ಓನರ್ ಒಪ್ಪಿ ಬರೀಬೇಕು. ಫ್ರೈಡೇ ಟ್ವೆಲ್ವ್ ಒಳಗೆ. ಆಮೇಲೆ ಫಾರ್ಮ್ ಲಾಕ್ ಆಗುತ್ತೆ. ಸೊನ್ನೆ ಅಂದ್ರೆ ಸೊನ್ನೇನೇ, ಫಾರೆವರ್."

ತಿದ್ದುಪಡಿಯ ಒಂದು ಖಾಲಿ ಹಾಳೆ ಕೊಟ್ಟಳು. ಮಡಚಿ ಜೇಬಿನಲ್ಲಿ ಇಟ್ಟುಕೊಂಡೆ.

ಪಾರ್ಕಿಂಗಿನಲ್ಲಿ ನನ್ನ ಕಾರಿಗೆ ಒರಗಿ ಸುಧನ್ವ ನಿಂತಿದ್ದ.

"ಶೆಡ್ ಹತ್ರ ಹೋಗಿದ್ರಂತೆ, ಲೀಲಾಧರ್ ಅವರೇ."

"ರೊಟ್ಟಿ ಚೆನ್ನಾಗಿತ್ತು."

"ಯಾರು ಮಾಡಿದ್ದು? ಅಲ್ಲಿ ಯಾರೂ ಇಲ್ವಲ್ಲ." ನನ್ನ ಎದೆಯ ಪಟ್ಟಿಯ ಮೇಲೆ ಒಂದು ಬೆರಳಿಟ್ಟ. ಒತ್ತಲಿಲ್ಲ. ಒತ್ತಬಲ್ಲೆ ಎಂದು ತಿಳಿಸಿದ. "ನಾಲ್ಕು ಯೂನಿಟ್ ಬಿಟ್ಟಿ ಬಾಡಿಗೆಗೆ ಹೋದ್ರೆ ನಂಗೆ ಸಾಲ ಕೊಡೋರು ಎದ್ದು ಹೋಗ್ತಾರೆ. ಬಿಸಿನೆಸ್ಸು, ಅಷ್ಟೇ. ಒಣ ಹುಲ್ಲು, ಹಳೇ ಮರ, ಅಕ್ಟೋಬರ್ ಗಾಳಿ. ಏನಾದ್ರೂ ಆಯ್ತು ಅಂದ್ಕೊಳ್ಳಿ. ಫೈರ್‌ನೋರು ಒಂದೇ ಪ್ರಶ್ನೆ ಕೇಳೋದು. ಒಳಗೆ ಯಾರಾದ್ರೂ ಇದ್ರಾ ಅಂತ. ನಾನು ಫಾರ್ಮ್ ತೋರಿಸ್ತೀನಿ."

"ನನಗೇಕೆ ಹೇಳ್ತೀರಿ?"

"ನೀವೂ ಅಲ್ಲಿ ಹೋಗಿ ಕೂತ್ಕೊಂಡ್ರೆ, ಪಾಪ, ನೀವೂ ಆ ಸೊನ್ನೆ ಒಳಗೇ ಬರ್ತೀರಿ ಅಂತ."

ಅಂಗಿಯಲ್ಲಿ ಒಂದು ಸುಕ್ಕೂ ಇರಲಿಲ್ಲ.

*

ಆ ಮಧ್ಯಾಹ್ನ ಶಿವರಾಜ, ನಾನು, ಒಬ್ಬ ಸರ್ವೇಯರು ಸೇರಿ ಏಳನೆಯ ಕಂಬವನ್ನು ಮತ್ತೆ ನಿಲ್ಲಿಸಿದೆವು. ಕಡಿದವನೇ ಕಟ್ಟಿದ. ಅವನ ಗಂಟು ಮೊದಲಿನದಕ್ಕಿಂತ ಗಟ್ಟಿಯಾಗಿತ್ತು.

ಸಂಜೆ ವೇದವತಿಯವರ ಮನೆ. ಊಟದ ಮೇಜಿನ ಮೇಲೆ ಮೂರು ಅಂತಸ್ತಿನ ಸ್ಟೀಲ್ ಡಬ್ಬಿ, ತೊಳೆದು ಬೋರಲು ಹಾಕಿತ್ತು.

ಎಲ್ಲವನ್ನೂ ಹೇಳಿದೆ. ನೀರು, ಗಡುವು, ಬೆಂಕಿಯ ಮಾತು.

"ಸುಧನ್ವ ಹಾಗೆ ಮಾಡೋ ಹುಡುಗ ಅಲ್ಲ. ಅವರೆಲ್ಲ ನೆಂಟರ ಮನೆಗೆ ಹೋಗ್ತಿದಾರೆ ಅಂದ. ಬಿಲ್ಡಿಂಗ್ ಆದ್ಮೇಲೆ ನಾನೇ ಕರೆಸ್ಕೋತೀನಿ."

"ಆಗ ನಿಮಗೆ ಆ ಅಧಿಕಾರ ಇರುವುದಿಲ್ಲ ಮೇಡಂ. ಫಾರ್ಮಿನಲ್ಲಿ ಸೊನ್ನೆ ಉಂಟು. ತಿದ್ದಿ. ಬಾಡಿಗೆದಾರರು ಏಳು ಅಂತ ಬರೀರಿ."

ಅವರ ಮುಖ ಕೆಂಪಾಯಿತು. "ಬಾಡಿಗೆದಾರರು? ಈರವ್ವ ನನ್ನ ಬಾಡಿಗೆದಾರಳಾ? ನಾನು ಅವಳ ಹತ್ರ ಒಂದು ಪೈಸೆ ಮುಟ್ಟಿಲ್ಲ. ನಮ್ಮ ಮನೆತನದಲ್ಲಿ ಆಶ್ರಯ ಕೊಟ್ಟಿದ್ದನ್ನ ಮಾರಿಕೊಂಡಿಲ್ಲ ನಾವು."

ಡಬ್ಬಿ ಎತ್ತಿ ಅವರ ಮುಂದಿಟ್ಟೆ. "ಇದು ಬಾಡಿಗೆ."

ಅವರ ಕಣ್ಣಿನಲ್ಲಿ ಏನೋ ಒಂದು ಬಾಗಿಲವರೆಗೆ ಬಂದು ಹಿಂದಿರುಗಿತು.

"ಅದು ಪ್ರೀತಿ," ಎಂದರು. "ನಿಮಗೆ ಅರ್ಥವಾಗಲ್ಲ. ಎದ್ದು ಹೋಗಿ."

ಎದ್ದು ಹೋದೆ. ಶೆಡ್ಡಿಗೆ ಹೋಗಿ, ಅಮ್ಮ ಒಪ್ಪಲಿಲ್ಲ, ಇವತ್ತೇ ಹೊರಡಿ, ಜೀವ ಮುಖ್ಯ ಎಂದೆ. ಈರವ್ವ ಎಲ್ಲವನ್ನೂ ಕೇಳಿಸಿಕೊಂಡಳು. ಡಬ್ಬಿಯ ಮಾತನ್ನು ಎರಡು ಸಲ ಹೇಳಿಸಿದಳು.

"ಬಾಡಗಿ ಅಂದ್ರೇನು ನೀವು?"

"ಹೌದು."

"ಹಂಗಿದ್ರ ನಾಳೆ ಕಳಸೂದಿಲ್ಲ," ಎಂದಳು. "ಹೋಗೂದೂ ಇಲ್ಲ."

*

ಶುಕ್ರವಾರ ಬೆಳಿಗ್ಗೆ ಒಂಬತ್ತಕ್ಕೆ ಯಂತ್ರ ಬಂತು. ಹಳದಿ ಎಕ್ಸ್‌ಕವೇಟರು, ಉದ್ದನೆಯ ಕೈ, ಹಲ್ಲುಳ್ಳ ಬೊಗಸೆ. ಹಿಂದಿನ ಕಪ್ಪು ಎಸ್‌ಯುವಿಯಿಂದ ಸುಧನ್ವ ಇಳಿದ. ಬೆಂಕಿಯ ಕಾಲ, ಒಣ ಹುಲ್ಲನ್ನೂ ಹಾಳು ಶೆಡ್ಡನ್ನೂ ತೆರವು ಮಾಡುವುದು ಮಾಲೀಕರ ಕರ್ತವ್ಯ ಎಂದು ಯಾರೂ ಕೇಳದಿದ್ದರೂ ಹೇಳಿದ.

ಆರು ಜನ ಹೊರಗೆ ಮರದಡಿಯಲ್ಲಿ ನಿಂತಿದ್ದರು. ನಾನು ಅವರನ್ನು ಎಣಿಸಿದೆ. ಮತ್ತೊಮ್ಮೆ ಎಣಿಸಿದೆ. ಆರೇ.

ಯಂತ್ರ ಇಳಿಜಾರಿನಲ್ಲಿ ಇಳಿಯಿತು. ಅದರ ಮುಂದೆ ಹೋಗಿ ನಿಂತೆ. ನನ್ನ ಹಿಂದೆ ಬಾಗಿಲು, ಬಾಗಿಲಿನ ಹಿಂದೆ ಈರವ್ವ.

"ಗೋ ಅರೌಂಡ್ ಹಿಮ್," ಎಂದ ಸುಧನ್ವ. "ಮೇಲಿಂದ ಶುರು ಮಾಡು."

ಬೊಗಸೆ ನನ್ನ ತಲೆಯ ಮೇಲೆ ಹಾದು ಛಾವಣಿಯ ಮೇಲೆ ನಿಂತಿತು. ನೆರಳು ಬಿತ್ತು. ಚಾಲಕ, ದಪ್ಪ ಮೀಸೆಯ, ಬೆವರಿದ ಮನುಷ್ಯ, ನನ್ನನ್ನೇ ನೋಡುತ್ತಿದ್ದ. ಕಿವಿಯ ಕಡೆ ಬೆರಳು ತೋರಿಸಿ ಎಂಜಿನ್ ಆರಿಸುವಂತೆ ಸನ್ನೆ ಮಾಡಿದೆ. ಏಕೆ ಆರಿಸಿದನೋ ಗೊತ್ತಿಲ್ಲ. ಆರಿಸಿದ.

ಎಂಜಿನ್ನಿನ ಸದ್ದು ಬೆಟ್ಟದಲ್ಲಿ ಕರಗಿತು. ಆಗ ಕೇಳಿತು.

ತಟ್... ತಟ್... ತಟ್...

ಹಲಗೆಯ ಗೋಡೆಯ ಆಚೆ ಅಂಗೈ ಹಿಟ್ಟಿಗೆ ಬಡಿಯುವ ಸದ್ದು. ಅವಸರವಿಲ್ಲ, ಭಯವಿಲ್ಲ. ಎಣಿಸಿಕೊಂಡು ಬದುಕುವವರ ತಾಳ.

"ದೇ ಟೋಲ್ಡ್ ಮಿ ಇಟ್ಸ್ ಎಂಪ್ಟಿ," ಎಂದ ಚಾಲಕ.

"ಇಟ್ ಈಸ್ ಎಂಪ್ಟಿ," ಎಂದ ಸುಧನ್ವ. "ರೇಡಿಯೋ."

"ಸುಧನ್ವ."

ಇಳಿಜಾರಿನ ಮೇಲೆ ವೇದವತಿಯವರು ನಿಂತಿದ್ದರು. ಹತ್ತಿಯ ಸೀರೆ, ಓಡಾಟದ ಬೂಟು, ಕೋಲು. ಏಳಕ್ಕೆ ಬರಬೇಕಾದ ಡಬ್ಬಿ ಎಂಟಾದರೂ ಬರಲಿಲ್ಲವೆಂದು ತಾವೇ ಹೊರಟು ಬಂದಿದ್ದರು. ಎಂಟು ವರ್ಷಗಳಲ್ಲಿ ಅವರು ಇಲ್ಲಿಗೆ ಇಳಿದು ಬಂದದ್ದು ಅದೇ ಮೊದಲು. ಶೆಡ್ಡನ್ನು ನೋಡಿದರು. ಛಾವಣಿಯ ಮೇಲಿನ ಹಲ್ಲುಗಳನ್ನು ನೋಡಿದರು. ಬಾಗಿಲ ಬಳಿ ಸಾಲಾಗಿಟ್ಟ ನೀರಿನ ಕ್ಯಾನುಗಳನ್ನು ನೋಡಿದರು.

"ಈರವ್ವ," ಎಂದರು ಗೋಡೆಯ ಕಡೆಗೆ. "ಇವತ್ತು ಡಬ್ಬಿ ಯಾಕೆ ಬರ್ಲಿಲ್ಲ?"

ಬಡಿತ ನಿಂತಿತು.

"ಇನ್ನ ಬರೂದಿಲ್ಲ ಅಮ್ಮಾರ," ಎಂದಿತು ಗೋಡೆ. "ಅದು ಬಾಡಗಿ ಅಂತ. ಬಾಡಗಿ ಅಂದ್ರ ನಿಮಗ ಸಿಟ್ಟು ಬರ್ತೈತಿ."

ವೇದವತಿಯವರು ಕೋಲೂರುತ್ತ ಬಾಗಿಲವರೆಗೆ ಇಳಿದು ಬಂದರು. ಆಮೇಲೆ ನನ್ನ ಕಡೆಗೆ ಕೈ ಚಾಚಿದರು. "ಕೊಡಿ ಆ ಫಾರ್ಮು."

ಸುಧನ್ವನ ದನಿಯ ಇಸ್ತ್ರಿ ಮೊದಲ ಸಲ ಕೆಟ್ಟಿತು. "ಚಿಕ್ಕಮ್ಮ, ಸೈನ್ ಮಾಡಿದ್ರೆ ನೀವು ಲ್ಯಾಂಡ್‌ಲಾರ್ಡು. ಕೊಟ್ಟಿಗೇಲಿ ಜನ ಇಟ್ಟು ದುಡಿಸ್ಕೊಂಡ ಲ್ಯಾಂಡ್‌ಲಾರ್ಡು. ಪೇಪರಲ್ಲಿ ಬರುತ್ತೆ. ಚಿಕ್ಕಪ್ಪನ ಹೆಸರು ಇಡ್ಬೇಕು ಅಂತಿದ್ದ ಬಿಲ್ಡಿಂಗಿದು."

"ಗೊತ್ತು ಕಣೋ. ಎಂಟು ವರ್ಷ ಅವಳ ಕೈ ರೊಟ್ಟಿ ತಿಂದ್ಕೊಂಡು, ಅನ್ನ ಹಾಕ್ತಿರೋಳು ನಾನು ಅಂದ್ಕೊಂಡಿದ್ದೆ."

ಶಿವರಾಜನ ವ್ಯಾನಿನ ಮೂತಿಯ ಮೇಲೆ ಹಾಳೆ ಹರಡಿ ಬರೆಯತೊಡಗಿದರು. ಈರವ್ವ. ಶಿವರಾಜ. ಅಲ್ಲಿಗೆ ಪೆನ್ನು ನಿಂತಿತು. ಉಳಿದ ಐವರ ಹೆಸರು ಅವರಿಗೆ ಗೊತ್ತಿರಲಿಲ್ಲ. ಆಮೇಲೆ ಕೋಲೂರಿಕೊಂಡು ಮರದಡಿಗೆ ಹೋಗಿ, ಒಬ್ಬೊಬ್ಬರ ಮುಂದೆಯೂ ನಿಂತು, ನಿಮ್ಮ ಹೆಸರೇನಮ್ಮ, ನಿಮ್ಮ ಹೆಸರೇನಪ್ಪ ಎಂದು ಕೇಳಿ ಬರೆದುಕೊಂಡರು.

ಕಂಬಗಳನ್ನು ನೋಡಿ ಮುಗಿಯದೆ ಕೌಂಟರಿನಲ್ಲಿ ಕಾಗದ ತೆಗೆದುಕೊಳ್ಳುವುದಿಲ್ಲವೆಂದು ಕಾದೆವು. ಹನ್ನೊಂದಕ್ಕೆ ನೀತಾ ಬಂದಳು. ಹನ್ನೆರಡು ಕಂಬಗಳ ಫೋಟೋ ತೆಗೆದಳು. ಯಂತ್ರವನ್ನು ನೋಡಿದಳು, ಏನೂ ಕೇಳಲಿಲ್ಲ. "ಪೋಲ್ಸ್ ಆರ್ ಫೈನ್. ಪೇಪರ್ ಮಾತ್ರ ಕೌಂಟರಲ್ಲೇ ಕೊಡ್ಬೇಕು, ಅಂಕಲ್. ನಾನು ಇಲ್ಲಿ ತಗೊಳ್ಳೋ ಹಾಗಿಲ್ಲ." ಹೊರಟುಹೋದಳು.

ಹನ್ನೊಂದು ಮೂವತ್ತೆರಡು. ಶಿವರಾಜ ವ್ಯಾನು ಹೊರಡಿಸಿದ. ತೋಟದ ಗೇಟಿಗೆ ಅಡ್ಡವಾಗಿ ಕಪ್ಪು ಎಸ್‌ಯುವಿ ನಿಂತಿತ್ತು. ಸುಧನ್ವ ಅದರ ಹೊರಗೆ ನಿಂತು ಫೋನು ನೋಡುತ್ತಿದ್ದ.

"ಸ್ಟಾರ್ಟ್ ಆಗ್ತಿಲ್ಲ. ಟೋ ಟ್ರಕ್ಕಿಗೆ ಹೇಳಿದೀನಿ. ಒಂದ್ಗಂಟೆ ಆಗುತ್ತಂತೆ."

ಒಂದು ಕಡೆ ಹಳ್ಳ, ಇನ್ನೊಂದು ಕಡೆ ಕಲ್ಲಿನ ಗೋಡೆ. ಇಳಿದು ಓಡೋಣವೆಂದರೆ ಕೌಂಟರು ಎರಡು ಮೈಲಿ, ನನ್ನ ಉಸಿರು ಇನ್ನೂರು ಅಡಿ.

ಹಿಂದಿನಿಂದ ನೆಲ ಅದುರಿತು. ಹಳದಿ ಯಂತ್ರ ನಮ್ಮನ್ನು ಬಳಸಿಕೊಂಡು ಮುಂದೆ ಬಂತು. ಬೊಗಸೆಯನ್ನು ಎಸ್‌ಯುವಿಯ ಪಕ್ಕೆಗೆ ಮೃದುವಾಗಿ ಆನಿಸಿ ನಿಂತಿತು. ಚಾಲಕ ಕಿಟಕಿಯಿಂದ ತಲೆ ಹೊರಗೆ ಹಾಕಿದ.

"ದಿಸ್ ಒನ್ ಈಸ್ ರಿಯಲಿ ಎಂಪ್ಟಿ, ರೈಟ್?"

ಉತ್ತರಕ್ಕೆ ಕಾಯಲಿಲ್ಲ. ಎಸ್‌ಯುವಿ ಹಳ್ಳಕ್ಕೆ ಮಗುವಿನಂತೆ ಹೊರಳಿತು.

ಹನ್ನೊಂದು ಐವತ್ತನಾಲ್ಕಕ್ಕೆ ಮೊಹರು ಬಿತ್ತು. ಬಾಡಿಗೆದಾರರು: ಏಳು.

ನೀತಾ ಮೊಹರನ್ನು ಕೆಳಗಿಟ್ಟು ನನ್ನನ್ನು ನೋಡಿದ ರೀತಿ ನನಗೆ ಹಿಡಿಸಲಿಲ್ಲ.

"ಈಗ ನಂಗೆ ಅಫಿಶಿಯಲ್ ಆಗಿ ಗೊತ್ತು, ಅಂಕಲ್. ಏಳು ಜನ ಶೆಡ್ಡಲ್ಲಿದಾರೆ ಅಂತ. ಅದು ವಾಸಕ್ಕಿರೋ ಕಟ್ಟಡ ಅಲ್ಲ. ಇನ್‌ಸ್ಪೆಕ್ಟರಿಗೆ ಹೇಳ್ಲೇಬೇಕು. ಐ ಹ್ಯಾವ್ ಟು. ಐ ಆಮ್ ಸೋ ಸಾರಿ."

ಮೂರು ಗಂಟೆಗೆ ಶೆಡ್ಡಿನ ಬಾಗಿಲಿಗೆ ಕೆಂಪು ಹಾಳೆ ಬಿತ್ತು. ವಾಸಕ್ಕೆ ಅಯೋಗ್ಯ, ಈ ದಿನವೇ ತೆರವು ಮಾಡತಕ್ಕದ್ದು. ಹೊಸ ಕಟ್ಟಡದಲ್ಲಿ ಅವರಿಗೆ ನಾಲ್ಕು ಮನೆ ಖಚಿತ. ಕಟ್ಟಡ ಎದ್ದು ನಿಲ್ಲಲು ಮೂರು ವರ್ಷ. ವೇದವತಿಯವರು ತಮ್ಮ ಮನೆಗೆ ಬನ್ನಿ ಎಂದು ಕರೆದರು. ಕೈ ಹಿಡಿದುಕೊಂಡು ಕರೆದರು. ಈರವ್ವ ಅವರ ಕೈ ಸವರಿ, ಬ್ಯಾಡ್ರಿ ಅಮ್ಮಾರ, ಮತ್ತ ಲೆಕ್ಕ ತಪ್ತೈತಿ ಎಂದಳು.

ಸುಧನ್ವ ಹಳ್ಳದ ದಂಡೆಯ ಮೇಲೆ ಟೋ ಟ್ರಕ್ಕಿಗೆ ಕಾಯುತ್ತಿದ್ದ. ನಾವು ಹಾದುಹೋಗುವಾಗ ಶಾಂತವಾಗಿ ಕೇಳಿದ.

"ಮೂರು ವರ್ಷ, ಲೀಲಾಧರ್ ಅವರೇ. ಅಲ್ಲೀವರೆಗೆ ಎಲ್ಲಿಟ್ಕೋತೀರಿ?"

ಕೆಟ್ಟವರು ಕೆಲವೊಮ್ಮೆ ಸರಿಯಾದ ಪ್ರಶ್ನೆಯನ್ನೇ ಕೇಳುತ್ತಾರೆ. ಅದಕ್ಕೇ ಅವರನ್ನು ಕ್ಷಮಿಸುವುದು ಕಷ್ಟ.

*

ಈಗ ನಿಮ್ಮ ಪ್ರಶ್ನೆಗೆ ಬರೋಣ, ಉಲ್ಲಾಸ್. ನೀವು ಈ ಫಾಸ್ಟರ್ ಸಿಟಿಯ ಅಪಾರ್ಟ್‌ಮೆಂಟುಗಳ ಮ್ಯಾನೇಜರು. ಉಡುಪಿಯವರು, ಕೆಟ್ಟವರಲ್ಲ. ಕೆರೆಯಂಥ ಈ ನೀರಿನ ದಂಡೆಯಲ್ಲಿ ನನ್ನದು ಒಂದು ಬೆಡ್‌ರೂಮಿನ ಮನೆ. ಲೀಸಿನ ಪ್ರಕಾರ ಇಬ್ಬರಿಗೆ. ಪಕ್ಕದವರು ದೂರು ಕೊಟ್ಟಿದ್ದಾರೆ. ಬೆಳಿಗ್ಗೆ ಐದಕ್ಕೇ ಗೋಡೆಯ ಆಚೆಯಿಂದ ಏನೋ ತಟ್ಟುವ ಸದ್ದು ಬರುತ್ತದೆ ಎಂದು.

ಒಳಗೆ ಎಷ್ಟು ಜನ ಎಂದು ಕೇಳಿದಿರಿ. ನನ್ನನ್ನು ಸೇರಿಸಿ ಎಂಟು. ಒಂದು ಎಂದು ಬರೆದುಕೊಂಡು ಹೋಗುತ್ತೇನೆ, ಯಾರಿಗೂ ತೊಂದರೆ ಬೇಡ ಎಂದು ನೀವು ಕಣ್ಣು ಮಿಟುಕಿಸಿದಿರಿ. ನಿಮ್ಮ ಒಳ್ಳೆಯತನ ನನಗೆ ಅರ್ಥವಾಗುತ್ತದೆ. ಬೇಡ. ಎಂಟು ಎಂದೇ ಬರೆಯಿರಿ, ಹೆಸರುಗಳ ಸಮೇತ. ನಾನು ಹೇಳುತ್ತಾ ಹೋಗುತ್ತೇನೆ.

ಮತ್ತೆ ನಿಮ್ಮ ಕೈಯಲ್ಲಿರುವ ಆ ನೋಟಿಸನ್ನು ಬಾಗಿಲಿನ ಹೊರಗೇ ಅಂಟಿಸಿ. ಒಳಗೆ ಅದಕ್ಕೂ ಜಾಗವಿಲ್ಲ.